ಎರಡನ್ನು ಎರಡಕ್ಕೇ ಕೊಟ್ಟರೆ

ಡೊಂಬಿವಲಿ ಪೂರ್ವ
೬ ಜನವರಿ ೨೦೨೫

ಅನಸೂಯಾಳಿಗೆ,

ನಿನ್ನ ಐದನೆಯ ಅಧ್ಯಾಯ ಬಂತು. ಇಂಗ್ಲಿಷಿನಲ್ಲಿ ಬಂತು, ಅದೂ ಅಚ್ಚುಕಟ್ಟಾಗಿ ಪ್ರಿಂಟ್ ಆಗಿ. ನನ್ನ ಬಳಿ ಪಿಎಚ್.ಡಿ.ಗೆ ಬಂದ ಕನ್ನಡದವರಿಗೆಲ್ಲ ಮೊದಲ ದಿನವೇ ಹೇಳುವ ಮಾತನ್ನು ನಿನಗೂ ಹೇಳಿದ್ದೆ. ಪ್ರತಿ ಅಧ್ಯಾಯದ ಹುರುಳನ್ನು ಮೊದಲು ಕನ್ನಡದಲ್ಲಿ, ಕೈಬರಹದಲ್ಲಿ, ಒಂದೂ ಸಂಕೇತವಿಲ್ಲದೆ ನನಗೆ ಬರೆದು ಅಂಚೆಗೆ ಹಾಕಬೇಕು. ಮನೆಮಾತಿನಲ್ಲಿ ಹೇಳಲು ಬಾರದ್ದು ತಲೆಗೆ ಇಳಿದಿಲ್ಲವೆಂದೇ ಲೆಕ್ಕ. ನಾಲ್ಕು ಅಧ್ಯಾಯಕ್ಕೆ ಸರಿಯಾಗಿ ಬರೆದವಳು ಐದನೆಯದಕ್ಕೆ ಬರೆಯಲಿಲ್ಲ. ಯಾಕೆ?

ಪ್ರಬಂಧದ ಹೆಸರು ನೋಡಿದೆ. ‘ಎಲ್ಲ ಲ್ಯಾಂಬ್ಡಾ ಪದಗಳನ್ನೂ ಹಂಚಿಕೆಯ ಗ್ರಾಫಿನ ಮೇಲೆ ದಕ್ಷವಾಗಿ ಬಿಡಿಸುವ ವಿಧಾನ.’ ಎಲ್ಲ! ನಿನಗಿಂತ ಮುಂಚೆ ಈ ದಾರಿ ಹಿಡಿದವರು ‘ಎಲ್ಲ’ ಎನ್ನಬೇಕಾದರೆ ಗ್ರಾಫಿನ ಮೈತುಂಬ, ಯಾವುದು ಯಾವುದರ ಜೋಡಿ ಎಂಬ ಗುರುತಿನ ಲೆಕ್ಕ ಇಟ್ಟುಕೊಂಡು ಒದ್ದಾಡಿದ್ದಾರೆ. ನಿನ್ನ ಪ್ರೋಗ್ರಾಮಿಗೆ ಅಂಥ ಲೆಕ್ಕವೇ ಬೇಡವಂತೆ. ಕಳೆದ ಮಳೆಗಾಲದಲ್ಲಿ ನೀನು ಓಡಿಸುತ್ತಿದ್ದ ಪರೀಕ್ಷೆಗಳ ಪೈಕಿ ‘ಎರಡಕ್ಕೆ ಎರಡು’ ಇತ್ತು. ಈ ಅಧ್ಯಾಯದಲ್ಲಿ ಅದು ಮಾಯವಾಗಿದೆ. ಈ ವಿಷಯ ಕಲಿಯುವವರು ಮೊದಲು ಮಾಡಿ ನೋಡುವ ಪರೀಕ್ಷೆಯೇ ಅದು. ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬಣ್ಣದ ಪೆನ್ಸಿಲಿನಿಂದ ಬಿಡಿಸಿ ನೋಡಿದೆ. ಉತ್ತರ ತಪ್ಪಿತು. ಚಿತ್ರ ಇದರ ಜೊತೆಗಿದೆ.

ಇನ್ನೊಂದು ಮಾತು, ನೇರವಾಗಿಯೇ ಕೇಳುತ್ತೇನೆ. ಈ ಪ್ರೋಗ್ರಾಂ ಬರೆದುಕೊಟ್ಟವರು ಯಾರು? ನೀನು ಕೆಲಸ ಮಾಡುವ ರಬಾಳೆಯ ಡೇಟಾ ಸೆಂಟರಿನಲ್ಲಿ ಯಾರಾದರೂ ಇದ್ದಾರೆಯೆ? ಅಥವಾ ಈಗ ಎಲ್ಲರೂ ಮಾಡುವ ಹಾಗೆ ಎಐ ಕೇಳಿ ಇಳಿಸಿಕೊಂಡೆಯಾ?

ಮಾರ್ಚ್ ಕೊನೆಗೆ ನಿನ್ನ ನೋಂದಣಿ ಮುಗಿಯುತ್ತದೆ. ಆಮೇಲೆ ಇಷ್ಟು ವರ್ಷದ ಕೆಲಸ ನೀರಿಗೆ ಹೋದ ಹಾಗೆ. ನನ್ನ ಸಹಿ ಇಲ್ಲದೆ ಪ್ರಬಂಧ ಒಳಗೆ ಹೋಗುವುದಿಲ್ಲ ಎಂಬುದು ನೆನಪಿರಲಿ. ನನ್ನ ಕೊನೆಯ ವಿದ್ಯಾರ್ಥಿ ನೀನು. ನಿವೃತ್ತನಾದ ಮೇಲೆ ಹೆಸರು ಕೆಡಿಸಿಕೊಳ್ಳುವ ಆಸೆ ನನಗಿಲ್ಲ.

ವಿಷ್ಣುಮೂರ್ತಿ


ಕೋಪರಖೈರಣೆ
೧೪ ಜನವರಿ ೨೦೨೫

ವಿಷ್ಣುಮೂರ್ತಿ ಸರ್ ಅವರಿಗೆ,

ಇವತ್ತು ಸಂಕ್ರಾಂತಿ. ‘ತಿಳ್‌ಗುಳ್ ಘ್ಯಾ, ಗೋಡ್ ಬೋಲಾ’ ಎನ್ನುತ್ತ ಬಿಲ್ಡಿಂಗಿನ ಹೆಂಗಸರೆಲ್ಲ ಕೈಗೆ ಎಳ್ಳುಂಡೆ ಇಟ್ಟು ಹೋದರು. ಉಂಡೆ ತಿಂದೆ. ಸಿಹಿ ಮಾತು ಮಾತ್ರ ಬಾಯಿಗೆ ಬರುತ್ತಿಲ್ಲ, ಯಾಕೆಂದರೆ ನಿಮ್ಮ ಪತ್ರ ಎದುರಿಗಿದೆ.

ಕನ್ನಡದಲ್ಲಿ ಬೇಕಲ್ಲವೆ? ತಗೊಳ್ಳಿ.

ಲ್ಯಾಂಬ್ಡಾ ಕಲನದಲ್ಲಿ ಇರುವುದು ಒಂದೇ ಕೆಲಸ. ಒಂದು ಸೂತ್ರದೊಳಗಿನ ಖಾಲಿ ಜಾಗಕ್ಕೆ, ಕೊಟ್ಟದ್ದನ್ನು ತುಂಬುವುದು. ಹೀಗೆ ಸೂತ್ರಗಳನ್ನು ಜೋಡಿಸಿ ಬರೆದದ್ದೇ ‘ಪದ’. ಖಾಲಿ ಜಾಗ ಎರಡು ಕಡೆ ಇದ್ದರೆ ಕೊಟ್ಟದ್ದು ಎರಡು ಸಲ ಬೇಕಾಗುತ್ತದೆ. ಸಾಮಾನ್ಯ ವಿಧಾನ ತಕ್ಷಣ ಎರಡು ಪ್ರತಿ ಮಾಡಿಬಿಡುತ್ತದೆ, ಆಮೇಲೆ ಒಂದೇ ಲೆಕ್ಕವನ್ನು ಎರಡೂ ಪ್ರತಿಯಲ್ಲಿ ಬಿಡಿಸುತ್ತ ಕೂರುತ್ತದೆ. ದಂಡ. ನನ್ನ ಪ್ರೋಗ್ರಾಂ ಪ್ರತಿ ಮಾಡುವುದಿಲ್ಲ. ಒಂದೇ ವಸ್ತುವಿಗೆ ಎರಡು ಕಡೆಯಿಂದ ದಾರಿ ಹಾಕುತ್ತದೆ. ದಾರಿ ಸೀಳುವಲ್ಲಿ ಒಂದು ಕವಲು ಇಡುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಒಕ್ಕಣೆಯನ್ನು ಒಂದೇ ಸಲ ಜೋಡಿಸಿ, ಕರೆಯಬೇಕಾದವರ ಹೆಸರಿನ ಜಾಗ ಮಾತ್ರ ಖಾಲಿ ಬಿಡುತ್ತಾರಲ್ಲ, ಹಾಗೆ. ಎರಡೂ ಕಡೆಗೆ ಸಮಾನವಾದದ್ದು ಒಂದೇ ಸಲ ಆಗುತ್ತದೆ, ಬೇರೆಯಾಗಲೇಬೇಕಾದ ಕಡೆ ಮಾತ್ರ ಬೇರೆಯಾಗುತ್ತದೆ.

ಕವಲು ಒಂದು ಸೂತ್ರದೊಳಗೆ ಇಳಿಯುವಾಗ ಅದರ ಖಾಲಿ ಜಾಗದ ಬದಿಯಲ್ಲಿ ದಾರಿಗಳು ಮತ್ತೆ ಸೇರುವ ಸಂಗಮವೊಂದು ಹುಟ್ಟುತ್ತದೆ. ಕವಲಿಗೂ ಅದರ ಸಂಗಮಕ್ಕೂ ಒಂದೇ ಬಣ್ಣ. ಒಂದೇ ಬಣ್ಣದ ಕವಲು, ಸಂಗಮ ಎದುರಾದರೆ ಅವು ಜೋಡಿ, ಕೆಲಸ ಮುಗಿಯಿತೆಂದು ಎರಡೂ ಅಳಿಯುತ್ತವೆ. ಬೇರೆ ಬಣ್ಣದವು ಎದುರಾದರೆ ಅಪರಿಚಿತರು, ಒಂದನ್ನೊಂದು ಪ್ರತಿ ಮಾಡಿ ದಾಟಿಕೊಂಡು ಹೋಗುತ್ತವೆ. ಇಷ್ಟೇ. ಗುರುತಿನ ಲೆಕ್ಕ ಬೇಡ, ಬಣ್ಣ ಸಾಕು. ಅದಕ್ಕೇ ನನ್ನದು ವೇಗ.

ಈಗ ನಿಮ್ಮ ಕ್ಯಾಲೆಂಡರ್ ಚಿತ್ರ. ನೋಡಿದೆ. ಕೆಂಪು ಮತ್ತು ನೀಲಿ, ಎರಡೇ ಬಣ್ಣ. ನಿಮ್ಮ ಮನೆಯಲ್ಲಿ ಮೂರನೆಯ ಪೆನ್ಸಿಲ್ ಇಲ್ಲದಿದ್ದರೆ ಅದಕ್ಕೆ ನನ್ನ ಪ್ರೋಗ್ರಾಂ ಏನು ಮಾಡಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಪರೀಕ್ಷೆ ತೆಗೆದದ್ದು ಅಧ್ಯಾಯ ಉದ್ದವಾಯಿತೆಂದು, ಬೇರೇನಿಲ್ಲ.

ಬರೆದುಕೊಟ್ಟವರು ಯಾರು ಎಂದಿರಿ. ನಾನು ಬರೆದೆ. ನಿಮ್ಮ ಕೈಕೆಳಗೇ ವಿಶ್ರುತ ಡಾಕ್ಟರೇಟ್ ತಗೊಂಡ. ಅವನ ಪ್ರೋಗ್ರಾಮಿನ ಅರ್ಧ ತಪ್ಪು ನಾನು ತಿದ್ದಿಕೊಟ್ಟದ್ದು, ಅದು ನಿಮ್ಮ ಕಣ್ಣೆದುರೇ ಆದದ್ದು. ಅವನನ್ನು ಒಂದು ದಿನವಾದರೂ ಈ ಪ್ರಶ್ನೆ ಕೇಳಿದ್ದೀರಾ? ಅವನು ನಿಮ್ಮೂರಿನ ಕಡೆಯ ಹೋಟೆಲಿನವರ ಮಗ. ನಾನು ಕಲಬುರಗಿಯಿಂದ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದ ಚಂದ್ರಾಮನ ಮಗಳು. ಪ್ರಶ್ನೆ ನನಗೇ ಬರುತ್ತದೆ.

ಅನಸೂಯಾ


ಡೊಂಬಿವಲಿ ಪೂರ್ವ
೨೨ ಜನವರಿ ೨೦೨೫

ಕುಮಾರಿ ಅನಸೂಯಾ ಚಂದ್ರಾಮ ಅವರಿಗೆ,

ನೀವು ಹೇಳಿದಂತೆ ಪೆನ್ಸಿಲ್ ಕೊಂಡೆ. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಇಡೀ ಪೆಟ್ಟಿಗೆಯನ್ನೇ ಕೊಂಡೆ. ಈಗ ನನ್ನ ಮೇಜಿನ ಮೇಲೆ ಕಾಮನಬಿಲ್ಲೇ ಇದೆ. ಅದರಲ್ಲಿ ಹಸಿರನ್ನು ಎಲ್ಲಿ ಬಳಸಬೇಕೆಂದು ನೀವೇ ಹೇಳಿಕೊಡಿ.

‘ಎರಡು’ ಎಂಬುದು ಕೊಟ್ಟ ಕೆಲಸವನ್ನು ಎರಡು ಸಲ ಮಾಡಿಸುವ ಸೂತ್ರ. ಕೆಲಸವನ್ನು ಎರಡು ಕಡೆ ಬಳಸುವುದರಿಂದ ಅದರ ಹೊಟ್ಟೆಯಲ್ಲೇ ಒಂದು ಕವಲಿದೆ. ಅದು ನೀಲಿ ಎನ್ನಿ. ಈಗ ಆ ಒಂದೇ ‘ಎರಡ’ನ್ನು ಕೆಂಪು ಕವಲಿನಿಂದ ಹಂಚಿ, ತನಗೆ ತಾನೇ ಕೊಡಿ. ನಾಲ್ಕು ಬರಬೇಕು. ಕೆಂಪು ಕವಲು ಎಡಕ್ಕೊಂದು, ಬಲಕ್ಕೊಂದು ‘ಎರಡು’ ಕೊಡುತ್ತದೆ. ಎರಡರ ಹೊಟ್ಟೆಯಲ್ಲೂ ಕವಲು ನೀಲಿಯೇ, ಯಾಕೆಂದರೆ ನಿಮ್ಮ ಪ್ರೋಗ್ರಾಮಿನಲ್ಲಿ ಬಣ್ಣ ಹುಟ್ಟುವಾಗ ಕೊಟ್ಟದ್ದು, ಪ್ರತಿಯಾದಾಗ ಬದಲಾಗುವುದಿಲ್ಲ. ಎಡಗಡೆಯ ನೀಲಿ ಕವಲು ಬಲಗಡೆಯದನ್ನು ಪ್ರತಿ ಮಾಡಲು ಒಳಗಿಳಿಯುತ್ತದೆ. ಅದು ಹುಟ್ಟಿಸಿದ ನೀಲಿ ಸಂಗಮ ಬಲಗಡೆಯ ನೀಲಿ ಕವಲಿಗೆ ಎದುರಾಗುತ್ತದೆ. ಬಣ್ಣ ಒಂದೇ. ಜೋಡಿಯೆಂದು ತಿಳಿದು ಎರಡೂ ಅಳಿಯುತ್ತವೆ. ಅವು ಜೋಡಿಯಲ್ಲ, ಪರಸ್ಪರ ಪರಿಚಯವೇ ಇಲ್ಲದವು. ಉತ್ತರ ಹಾಳಾಯಿತು.

ಇದಕ್ಕೆ ಸಮಾಧಾನ ಕೊಡಿ. ಆ ಪರೀಕ್ಷೆಯನ್ನು ಓಡಿಸಿ, ಬಂದ ಉತ್ತರ ಕಳಿಸಿ. ಅಲ್ಲಿಯವರೆಗೆ ಸಹಿಯ ಮಾತು ಬೇಡ.

ವಿಶ್ರುತನ ವಿಷಯ ಎತ್ತುವ ಅಗತ್ಯವಿರಲಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ. ಊರು ಯಾವುದೆಂದು ನೋಡಿ ನಾನು ಯಾರಿಗೂ ಪಾಠ ಮಾಡಿಲ್ಲ.

ನಾಳೆ ಬೇರೆ ಕೆಲಸದ ಮೇಲೆ ಠಾಣೆ ನಗರಕ್ಕೆ ಹೋಗುವುದಿದೆ. ಉತ್ತರವನ್ನು ಅಂಚೆಯಲ್ಲೇ ಕಳಿಸಿ.

ವಿಷ್ಣುಮೂರ್ತಿ


ಕೋಪರಖೈರಣೆ
೧ ಫೆಬ್ರವರಿ ೨೦೨೫

ಸರ್,

ಓಡಿಸಿದೆ. ಎರಡಕ್ಕೆ ಎರಡು ಕೊಟ್ಟೆ, ನಾಲ್ಕು ಬಂತು. ಪ್ರಿಂಟ್ ಇಟ್ಟಿದ್ದೇನೆ. ಎರಡಕ್ಕೆ ಮೂರು, ಮೂರಕ್ಕೆ ಎರಡು, ಅವೂ ಇವೆ, ಎಲ್ಲವೂ ಸರಿ. ಸಾಮಾನ್ಯ ವಿಧಾನಕ್ಕಿಂತ ಎಷ್ಟು ಬೇಗ ಮುಗಿದಿವೆ ಎಂಬುದನ್ನೂ ನೋಡಿಕೊಳ್ಳಿ.

ಸಹಿಗೆ ಯಾವಾಗ ಬರಲಿ? ನನಗೆ ರಬಾಳೆಯಲ್ಲಿ ವಾರಕ್ಕೊಂದೇ ರಜೆ. ಅವತ್ತು ಮನೆಯಿಂದ ಠಾಣೆಗೆ ಬಂದು, ಕಲ್ಯಾಣ ಲೋಕಲ್ ಹಿಡಿದು, ಬಾಗಿಲಲ್ಲಿ ಜೋತುಬಿದ್ದು ಡೊಂಬಿವಲಿಗೆ ಬರಬೇಕು. ಬಂದ ಮೇಲೆ ‘ಇವತ್ತಾಗದು’ ಎನ್ನುವುದಾದರೆ ಈಗಲೇ ತಿಳಿಸಿ.

ಅನಸೂಯಾ


ಡೊಂಬಿವಲಿ ಪೂರ್ವ
೧೦ ಫೆಬ್ರವರಿ ೨೦೨೫

ಅನಸೂಯಾ ಅವರಿಗೆ,

ನನ್ನ ತಲೆಗೂದಲು ನೆರೆತದ್ದು ಬಿಸಿಲಿಗಲ್ಲ.

ನೀವು ಕಳಿಸಿದ ಪ್ರಿಂಟಿನಲ್ಲಿ ‘ಎರಡ’ನ್ನು ಎರಡು ಸಲ ಬೇರೆಬೇರೆಯಾಗಿ ಬರೆದಿದ್ದೀರಿ. ಬೇರೆಯಾಗಿ ಬರೆದರೆ ಒಂದರ ಕವಲಿಗೆ ನೀಲಿ, ಇನ್ನೊಂದರ ಕವಲಿಗೆ ಹಸಿರು ತಾನಾಗಿ ಬೀಳುತ್ತದೆ. ಆಗ ನಾಲ್ಕು ಬರದೆ ಇನ್ನೇನು ಬಂದೀತು? ನಾನು ಕೇಳಿದ್ದು ಒಂದೇ ‘ಎರಡ’ನ್ನು ಹಂಚಿ ತನಗೇ ಕೊಡಲು. ಹಂಚಿಕೆಯ ಮೇಲೆ ಪ್ರಬಂಧ ಬರೆದವರು ಹಂಚದೆ ಓಡಿಸಿ ತೋರಿಸುತ್ತೀರಿ! ಪೂರಿ ಕೇಳಿದವನಿಗೆ ಬನ್ಸ್ ಕೊಟ್ಟು ಎರಡೂ ಎಣ್ಣೆಯಲ್ಲೇ ಕರಿದದ್ದು ಎಂದ ಹಾಗಾಯಿತು.

ಈ ವ್ಯತ್ಯಾಸ ತಿಳಿಯದೆ ಮಾಡಿದ್ದಾದರೆ ಪ್ರೋಗ್ರಾಂ ನಿಮ್ಮದಲ್ಲ. ತಿಳಿದೇ ಮಾಡಿದ್ದಾದರೆ ನೀವು ನನ್ನ ಕಣ್ಣಿಗೆ ಮಣ್ಣೆರಚಿದಿರಿ. ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು.

ನನ್ನ ಹೆಂಡತಿ ವನಮಾಲಾ ಈ ಕಾಗದ ಓದಿ, “ಎಂತ ಮಾರಾಯ್ರೆ, ಆ ಹುಡುಗಿಗೆ ಇಷ್ಟು ಖಾರ ಬರೆಯುವುದೆಂತಕ್ಕೆ? ಒಮ್ಮೆ ಮನೆಗೆ ಕರೆದು ಕೂತು ಮಾತಾಡಿಯಪ್ಪ” ಎಂದಳು. ಅವಳಿಗೆ ನಿಮ್ಮ ಮೇಲೆ ಮೊದಲಿನಿಂದಲೂ ಅಕ್ಕರೆ. ನನಗೂ ಇತ್ತು. ಬರಬೇಡಿ. ಉತ್ತರ ಇದ್ದರೆ ಬರೆಯಿರಿ.

ವಿಷ್ಣುಮೂರ್ತಿ


ಕೋಪರಖೈರಣೆ
೧೯ ಫೆಬ್ರವರಿ ೨೦೨೫

ವಿಷ್ಣುಮೂರ್ತಿ ಅವರಿಗೆ,

ನಿನ್ನೆ ನೋಟಿಸ್ ಬಂತು. ‘ಸಂಶೋಧನಾ ಕೃತಿ ಅಭ್ಯರ್ಥಿಯ ಸ್ವಂತದ್ದಲ್ಲವೆಂದು ದೂರು ಬಂದಿರುವ ಕಾರಣ’ ಮಾರ್ಚ್ ೫ರಂದು ಠಾಣೆಯ ವಿಶ್ವವಿದ್ಯಾಲಯ ಕಚೇರಿಯಲ್ಲಿ ಸಮಿತಿಯ ಮುಂದೆ ಹಾಜರಾಗಬೇಕಂತೆ. ದೂರು ಕೊಟ್ಟವರು ಮಾರ್ಗದರ್ಶಕರು. ದೂರಿನ ತಾರೀಕು ಜನವರಿ ೨೩.

ಠಾಣೆಯ ‘ಬೇರೆ ಕೆಲಸ’ ಇದೇ ಆಗಿತ್ತೇನು?

ಒಂದು ಕಡೆ ನನ್ನ ವಿರುದ್ಧ ದೂರು ಕೊಟ್ಟು, ಇನ್ನೊಂದು ಕಡೆ ಏನೂ ಆಗದವರಂತೆ ‘ಉತ್ತರ ಕಳಿಸಿ’ ಎಂದು ಬರೆಯುತ್ತ ಕೂತಿರಿ. ನಾನು ಕಳಿಸಿದ ಪ್ರಿಂಟ್ ಫೆಬ್ರವರಿಯದು. ಅಂದರೆ ಅದನ್ನು ನೋಡಿ ನಿಮಗೆ ಅನುಮಾನ ಬಂದದ್ದಲ್ಲ. ಮೊದಲೇ ತೀರ್ಮಾನ ಮಾಡಿ ಆಗಿತ್ತು. ನಿಮಗೆ ಬೇಕಿದ್ದದ್ದು ಉತ್ತರವಲ್ಲ, ಸಾಕ್ಷಿ.

ನೋಟಿಸ್ ಇಂಗ್ಲಿಷಿನಲ್ಲಿತ್ತು. ನಮ್ಮವ್ವ ಮಾನಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಕೇಳಿದ ಮೇಲೆ ಅವ್ವ, “ಯವ್ವಾ, ನೀ ಕಳವು ಮಾಡೀ ಅಂತಾರೇನ ಆ ಮಾಸ್ತರು? ನಿಮ್ಮಪ್ಪ ಇಪ್ಪತ್ತ ವರ್ಷ ಸೈಟಿನಾಗ ದುಡದಾನ, ಮಂದಿದು ಒಂದ ಮೊಳೀ ಸೈತ ಮನಿಗಿ ತಂದಿಲ್ಲ. ಅಡಕಿಗಿ ಹೋದ ಮಾನ ಆನಿ ಕೊಟ್ರ ಬರ್ತದೇನ?” ಎಂದಳು. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಅವಳಿಗೇ ಬರೆಯಿರಿ. ಕನ್ನಡದಲ್ಲಿ, ಸಂಕೇತವಿಲ್ಲದೆ.

ನನಗೆ ಸಿಟ್ಟು ಬಂದಿದೆ. ನಿಮ್ಮ ಬಗ್ಗೆ ಇದ್ದ ಗೌರವಕ್ಕೆ ಬೆಂಕಿ ಬಿದ್ದಿದೆ. ಇದನ್ನು ಮುಚ್ಚಿಟ್ಟು ‘ಸರ್’ ಎಂದು ಬರೆಯಲು ನನ್ನಿಂದಾಗದು.

ಅನಸೂಯಾ


ಡೊಂಬಿವಲಿ ಪೂರ್ವ
೨೫ ಫೆಬ್ರವರಿ ೨೦೨೫

ಅನಸೂಯಾ ಅವರಿಗೆ,

ದೂರು ಕೊಟ್ಟದ್ದು ನಾನೇ. ಮುಚ್ಚಿಡುವುದೇನೂ ಇಲ್ಲ.

ಕಾರಣ ಕೇಳಿ. ತನ್ನ ಪ್ರೋಗ್ರಾಂ ತಾನೇ ಬರೆದವಳು ಮೊದಲ ಪರೀಕ್ಷೆಯನ್ನು ಸದ್ದಿಲ್ಲದೆ ಕಿತ್ತುಹಾಕುವುದಿಲ್ಲ. ತಪ್ಪಿದರೆ ಓಡಿ ಬಂದು, ‘ಸರ್, ಇಲ್ಲಿ ತಪ್ಪುತ್ತದೆ’ ಎನ್ನುತ್ತಾಳೆ. ನೀವು ಮೊದಲು ಹಾಗೇ ಬರುತ್ತಿದ್ದಿರಿ. ಎರಡನೆಯ ಅಧ್ಯಾಯದಲ್ಲಿ ಒಂದು ತಪ್ಪು ಸಿಕ್ಕಾಗ ಇಲ್ಲಿಯೇ, ಈ ಮೇಜಿನ ಮುಂದೆ ಕೂತು ಅತ್ತಿರಿ. ಕೈಯಾರೆ ಮಾಡಿದ ಕೆಲಸಕ್ಕೆ ಮಾತ್ರ ಜನ ಹಾಗೆ ಅಳುತ್ತಾರೆ. ಈ ಸಲ ನೀವು ಅಳಲಿಲ್ಲ, ಪೆನ್ಸಿಲಿನ ಬಗ್ಗೆ ಚೇಷ್ಟೆ ಮಾಡಿದಿರಿ. ಇದು ಬೇರೆ ಯಾರದೋ ಕೆಲಸವೆಂದು ನನಗೆ ಅನಿಸಿತು. ಅನಿಸಿದ ಮೇಲೆ ಸುಮ್ಮನಿದ್ದು ಸಹಿ ಹಾಕಲು ನಾನು ಮರದ ಮುದ್ರೆಯಲ್ಲ.

ನಿಮ್ಮ ತಾಯಿಯವರ ಮಾತು ಓದಿದೆ. ಅದಕ್ಕೆ ನಾನು ಏನೂ ಬರೆಯಲಾರೆ.

ಮಾರ್ಚ್ ೫ಕ್ಕೆ ನಾನೂ ಬರುತ್ತೇನೆ. ಕೆಲಸ ನಿಮ್ಮದೇ ಆಗಿದ್ದರೆ ಹೆದರುವುದೇನಿದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇಕೆ?

ವಿಷ್ಣುಮೂರ್ತಿ


ಕೋಪರಖೈರಣೆ
೧ ಮಾರ್ಚ್ ೨೦೨೫

ಹೆಗಲು ಮುಟ್ಟಿಕೊಂಡಿಲ್ಲ. ೫ಕ್ಕೆ ಬರುತ್ತೇನೆ. ಒಂದೇ ಕೋರಿಕೆ: ವರಾಂಡದಲ್ಲಿ ಸಿಕ್ಕರೆ ಕುಶಲ ಕೇಳಬೇಡಿ. ವನಮಾಲಾ ಅಮ್ಮ ಫೋನ್ ಮಾಡಿದ್ದರು, ಎತ್ತಲಿಲ್ಲ. ಅವರ ಮೇಲೆ ಸಿಟ್ಟಿಲ್ಲವೆಂದು ಹೇಳಿಬಿಡಿ.

ಅನಸೂಯಾ


ಡೊಂಬಿವಲಿ ಪೂರ್ವ
೮ ಮಾರ್ಚ್ ೨೦೨೫

ಅನಸೂಯಾಳಿಗೆ,

ಠಾಣೆಯಲ್ಲಿ ಮಾತಾಡಬೇಡಿ ಎಂದು ನೀನು ಬರೆದಿದ್ದೆ, ನಾನು ಮಾತಾಡಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಸಮಿತಿಯವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಒಬ್ಬರು ಉದ್ದಕ್ಕೂ ಮೊಬೈಲ್ ನೋಡುತ್ತಿದ್ದರು. ಅಧ್ಯಕ್ಷೆ ವಿಮಲಾ ಮೇಡಂ, “ಪ್ರೋಗ್ರಾಂ ನಿಮ್ಮದೇ ಎನ್ನಲು ಏನು ಪುರಾವೆ?” ಎಂದಾಗ ನೀನು ಲ್ಯಾಪ್‌ಟಾಪ್ ತೆರೆದು ವೇಗದ ಅಂಕಿಸಂಖ್ಯೆ ತೋರಿಸುತ್ತೀಯ ಎಂದುಕೊಂಡಿದ್ದೆ. ನೀನು ಮಾರ್ಕರ್ ಕೇಳಿದೆ. ಬೋರ್ಡಿನ ಮೇಲೆ ಒಂದೇ ಒಂದು ‘ಎರಡು’ ಬರೆದೆ, ಅದಕ್ಕೆ ಕೆಂಪು ಕವಲು ಹಾಕಿದೆ. ಅದನ್ನು ನೋಡಿದಾಗಲೇ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿನ್ನ ಪ್ರೋಗ್ರಾಂ ಎಲ್ಲಿ ಸಾಯುತ್ತದೆಯೋ ಆ ಜಾಗಕ್ಕೆ ನೀನೇ ನಡೆದುಕೊಂಡು ಹೋದೆ. ನೀಲಿಗೆ ನೀಲಿ ಎದುರಾಯಿತು, ಎರಡನ್ನೂ ಅಳಿಸಿದೆ. “ಇಲ್ಲಿ ತಪ್ಪುತ್ತದೆ. ಕಳೆದ ಜುಲೈಯಿಂದ ನನಗೆ ಗೊತ್ತು” ಎಂದೆ.

ನಾನು ಎಷ್ಟು ಹಾಳೆ ಹಾಳು ಮಾಡಿದರೂ ಮುಟ್ಟದ ಮಾತನ್ನು ಆಮೇಲೆ ನೀನು ಹೇಳಿದೆ. ಪ್ರತಿಯಾದ ಕವಲಿಗೆ ಹೊಸ ಬಣ್ಣ ಕೊಟ್ಟರೆ ಯಾಕೆ ಆಗದು ಎಂಬುದಕ್ಕೆ ಕಾರಣ. ಹಂಚಿಕೆ ಅರ್ಧಕ್ಕೆ ನಿಂತಿರುವಾಗ ಕವಲು ಒಂದು ಕಡೆ ಇರುತ್ತದೆ, ಅದರ ಸಂಗಮ ಗ್ರಾಫಿನ ಇನ್ನೊಂದು ಮೂಲೆಯಲ್ಲಿರುತ್ತದೆ. ಇಲ್ಲಿ ಬಣ್ಣ ಬದಲಾದದ್ದು ಅಲ್ಲಿಗೆ ತಿಳಿಯುವುದಿಲ್ಲ. ತಿಳಿಸಲು ಹೋದರೆ ಗುರುತಿನ ಲೆಕ್ಕ ಇಡಬೇಕು. ಆ ಲೆಕ್ಕ ಬೆಳೆಯುತ್ತ ಬೆಳೆಯುತ್ತ, ಕೆಲವು ಪದಗಳಲ್ಲಿ ಹಂಚಿ ಉಳಿಸಿದ್ದನ್ನೆಲ್ಲ ಅದೇ ತಿಂದುಬಿಡುತ್ತದೆ. ಇಷ್ಟನ್ನು ಹಿಂದಿ, ಮರಾಠಿ, ಇಂಗ್ಲಿಷ್ ಬೆರೆಸಿ ಹೇಳಿದೆ. ಭಾಷೆ ಚೆನ್ನಾಗಿರಲಿಲ್ಲ. ವಿಷಯ ಸರಿಯಿತ್ತು.

ವಿಮಲಾ ಮೇಡಂ, “ಮಶೀನ್ ಚುಕ್ತಂಯ್, ಮಗ ಡಿಗ್ರಿ ಕಶಾಲಾ?” ಎಂದರು. ತಪ್ಪು ಮಾಡುವ ಯಂತ್ರಕ್ಕೆ ಡಿಗ್ರಿ ಯಾಕೆ ಎಂದು. ನೀನು, “ಎಲ್ಲಿ ತಪ್ಪುತ್ತದೆ ಎಂದು ಓಡಿಸುವ ಮೊದಲೇ ಹೇಳಬಲ್ಲೆ, ಅದಕ್ಕೆ” ಎಂದೆ.

ಆಗ ನಾನು ಎದ್ದು ದೂರು ಹಿಂದೆಗೆದುಕೊಂಡೆ, ಅಲ್ಲಿಯೇ ಬರೆದುಕೊಟ್ಟೆ. ನೀನು ಅಷ್ಟರಲ್ಲಿ ಹೊರಟುಹೋಗಿದ್ದೆ. ಕದ್ದು ತಂದವರಿಗೆ ಪಾತ್ರೆ ಎಲ್ಲಿ ಸೋರುತ್ತದೆಂದು ಗೊತ್ತಿರುವುದಿಲ್ಲ. ಇದು ನಿನ್ನ ಕೆಲಸವೇ. ಇನ್ನು ನನಗೆ ಅನುಮಾನವಿಲ್ಲ.

ಆದರೆ ಇದು ಕ್ಷಮೆಯ ಪತ್ರವೆಂದು ತಿಳಿಯಬೇಡ. ಜುಲೈಯಿಂದ ಗೊತ್ತಿದ್ದೂ ನನ್ನಿಂದ ಮರೆಮಾಚಿದೆ, ಬೇರೆಯಾಗಿ ಬರೆದು ಓಡಿಸಿ ಪ್ರಿಂಟ್ ಕಳಿಸಿದೆ. ಅನುಮಾನ ಹುಟ್ಟಿಸಿದವಳು ನೀನು. ಹೆಸರಿನಿಂದ ‘ಎಲ್ಲ’ ತೆಗೆ. ಮೊದಲೇ ಹೇಳಬಲ್ಲೆ ಎಂದೆಯಲ್ಲ, ಆ ನಿಯಮವನ್ನು ಐದನೆಯ ಅಧ್ಯಾಯಕ್ಕೆ ಸೇರಿಸು. ಸಹಿ ಹಾಕುತ್ತೇನೆ. ಯಾವುದಾದರೂ ಭಾನುವಾರ ಊಟಕ್ಕೆ ಬಾ, ವನಮಾಲಾ ಕಾಯುತ್ತಾಳೆ.

ಕೃತಜ್ಞತೆಯ ಪುಟದಲ್ಲಿ ವಾಡಿಕೆಯಂತೆ ಮಾರ್ಗದರ್ಶಕರಿಗೆ ಎರಡು ಸಾಲು ಇರಲಿ. ಇಲ್ಲದಿದ್ದರೆ ಓದಿದವರು ಏನೇನೋ ಅಂದುಕೊಳ್ಳುತ್ತಾರೆ.

ವಿಷ್ಣುಮೂರ್ತಿ


ಕೋಪರಖೈರಣೆ
೧೭ ಮಾರ್ಚ್ ೨೦೨೫

ವಿಷ್ಣುಮೂರ್ತಿ ಅವರಿಗೆ,

ಮತ್ತೆ ‘ನೀನು’ ಆದೆನೆಂದು ಕಂಡಿತು. ನಾನು ಅದಕ್ಕೆ ಕಾಯುತ್ತಿರಲಿಲ್ಲ.

ಜುಲೈಯಲ್ಲಿ ಆ ಪರೀಕ್ಷೆ ತಪ್ಪಿದಾಗ ನಿಮ್ಮಲ್ಲಿಗೆ ಓಡಿ ಬರಲಿಲ್ಲ, ನಿಜ. ಯಾಕೆಂದು ನೀವು ಕೇಳಲಿಲ್ಲ. ಅದಕ್ಕೂ ಮುಂಚೆ ಒಂದು ದಿನ ನಾಲ್ಕನೆಯ ಅಧ್ಯಾಯ ತಂದಾಗ ನೀವು ನಗುತ್ತಲೇ, ‘ಇಷ್ಟು ಚಂದ ಬರೆಸಿದ್ದು ಯಾರ ಕೈಯಿಂದ ಮಾರಾಯ್ತಿ?’ ಎಂದಿರಿ. ನಿಮಗದು ತಮಾಷೆ. ಅಂದಿನಿಂದ ನಿಮ್ಮ ಮನೆಗೆ ತಪ್ಪು ಹೊತ್ತುಕೊಂಡು ಬರಲು ನನಗೆ ಭಯ. ಸರಿಯಿದ್ದರೆ ಬೇರೆಯವರದು, ತಪ್ಪಿದ್ದರೆ ನನ್ನದು ಎನ್ನುವವರ ಎದುರು ತಪ್ಪನ್ನು ಯಾರು ತೆರೆದಿಡುತ್ತಾರೆ? ಪ್ರಿಂಟಿನ ಆಟ ಆಡಿದ್ದು ಕೆಟ್ಟ ಕೆಲಸ. ಅದನ್ನು ಸಮಿತಿಯ ಎದುರೇ ಹೇಳಿ ಆಗಿದೆ. ನಿಮಗೆ ಬೇರೆಯಾಗಿ ಹೇಳುವುದೇನೂ ಉಳಿದಿಲ್ಲ.

‘ಎಲ್ಲ’ ತೆಗೆದೆ. ನೀವು ಹೇಳಿದಿರೆಂದು ತೆಗೆದದ್ದಲ್ಲ, ಅದು ಸುಳ್ಳಾಗಿತ್ತು.

ನಿಯಮ ಸೇರಿಸಿದ್ದೇನೆ. ನಿಮ್ಮ ಪದ್ಧತಿಯಂತೆ ಕನ್ನಡದಲ್ಲಿ ಬರೆಯುತ್ತೇನೆ, ಇದೇ ಕೊನೆಯ ಸಲ. ಪದದೊಳಗಿನ ಪ್ರತಿ ಕವಲಿಗೂ, ಪ್ರತಿ ಸೂತ್ರಕ್ಕೂ ಒಂದು ಅಂತಸ್ತು ಕೊಡಲು ನೋಡಬೇಕು. ಕವಲು ತನಗಿಂತ ಮೇಲಿನ ಅಂತಸ್ತಿನದನ್ನು ಮಾತ್ರ ಪ್ರತಿ ಮಾಡಬಹುದು, ತನ್ನ ಅಂತಸ್ತಿನದನ್ನು ಮುಟ್ಟಬಾರದು. ಓಡಿಸುವ ಮೊದಲೇ ಹೀಗೆ ಎಲ್ಲಕ್ಕೂ ಅಂತಸ್ತು ಹೊಂದಿದರೆ, ಒಂದು ಕವಲಿಗೆ ಜೋಡಿಯಲ್ಲದ ತನ್ನದೇ ಬಣ್ಣದ ಸಂಗಮ ಎಂದೂ ಎದುರಾಗುವುದಿಲ್ಲ. ಅಂಥ ಪದಗಳಿಗೆ ಗುರುತಿನ ಲೆಕ್ಕ ಬೇಡ, ಬಣ್ಣ ಸಾಕು, ಉತ್ತರ ಸರಿ, ವೇಗವೂ ಉಳಿಯುತ್ತದೆ. ಹಂಚಿದ ಒಂದೇ ‘ಎರಡ’ನ್ನು ತನಗೇ ಕೊಟ್ಟ ಪದಕ್ಕೆ ಅಂತಸ್ತು ಹೊಂದುವುದಿಲ್ಲ. ಆ ‘ಎರಡು’ ತಾನು ನಿಂತ ಅಂತಸ್ತಿನಲ್ಲೂ ಇರಬೇಕು, ಅದರ ಮೇಲಿನದರಲ್ಲೂ ಇರಬೇಕು. ಆದ್ದರಿಂದ ಪ್ರೋಗ್ರಾಂ ಅದನ್ನು ಓಡಿಸದೆಯೇ ವಾಪಸ್ ಕಳಿಸುತ್ತದೆ. ಬೇರೆಬೇರೆಯಾಗಿ ಬರೆದ ‘ಎರಡು’ಗಳನ್ನು ಒಳಗೆ ಬಿಡುತ್ತದೆ.

ಭಾನುವಾರ ಬರುವುದಿಲ್ಲ. ಶುಕ್ರವಾರ ಬರುತ್ತೇನೆ. ಬಾಗಿಲಲ್ಲೇ ನಿಂತು ಸಹಿ ಹಾಕಿಸಿಕೊಂಡು ಹೋಗುತ್ತೇನೆ. ವನಮಾಲಾ ಅಮ್ಮನಿಗೆ ಅಡುಗೆ ಮಾಡಬೇಡಿ ಎನ್ನಿ.

ಕೃತಜ್ಞತೆಯ ಪುಟದಲ್ಲಿ ನನ್ನ ಅವ್ವ, ಅಪ್ಪ ಇದ್ದಾರೆ. ನಿಮ್ಮ ಹೆಸರಿಲ್ಲ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ, ಅವರು ಅಂದುಕೊಳ್ಳುವುದೇ ಸರಿ ಇದ್ದೀತು.

ಐದನೆಯ ಅಧ್ಯಾಯದಲ್ಲಿ ಮಾತ್ರ ನಿಮ್ಮ ಹೆಸರು ಬಂದಿದೆ. ನನ್ನ ಪ್ರೋಗ್ರಾಮನ್ನು ಮುರಿಯುವ ಆ ಪದಕ್ಕೆ ‘ವಿಷ್ಣುಮೂರ್ತಿ ಅವರ ಪ್ರತ್ಯುದಾಹರಣೆ’ ಎಂದು ತಲೆಬರಹ ಕೊಟ್ಟಿದ್ದೇನೆ. ಜುಲೈಯಲ್ಲಿ ನನ್ನ ಉತ್ತರ ತಪ್ಪಿತು, ಅಷ್ಟೇ. ಯಾಕೆ ತಪ್ಪಿತು ಎಂದು ಬಣ್ಣ ಹಚ್ಚಿ ಕಂಡುಹಿಡಿದವರು ನೀವು. ನಾನು ಕಳ್ಳಿಯಾಗಿದ್ದರೆ ಅದನ್ನೂ ನನ್ನದೆಂದೇ ಬರೆದುಕೊಳ್ಳುತ್ತಿದ್ದೆ.

ಅನಸೂಯಾ